ಕಬ್ಬಿಣದ ಬೋರಯ್ಯನಿಗೆ ಮೂರು ತಿಂಗಳು

ಬೋರಯ್ಯ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದ. ಕೊಡಲಿ ಎತ್ತುವುದು, ಇಳಿಸುವುದು, ಸೀಳಿದ ತುಂಡನ್ನು ಕಾಲಿನಿಂದ ಪಕ್ಕಕ್ಕೆ ಸರಿಸುವುದು, ಮತ್ತೆ ಎತ್ತುವುದು. ಅವನ ಹೆಂಡತಿ ಗಂಗಾಮಣಿ ಅಡುಗೆಮನೆ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಸೋಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. ಏನೋ ಕಡಿಮೆಯಾಗಿದೆ ಅನ್ನಿಸಿತು. ಒಲೆ ಉರಿಯುತ್ತಿದೆ, ಹಸು ಕೊಟ್ಟಿಗೆಯಲ್ಲಿದೆ, ಕೋಳಿಗಳು ಅಂಗಳದಲ್ಲಿವೆ. ಆಮೇಲೆ ಹೊಳೆಯಿತು: ಗಂಡನ ಬಾಯಿ ಕೇಳಿಸುತ್ತಿಲ್ಲ.

ಬೋರಯ್ಯ ಬಾಯಿ ಮುಚ್ಚಿಕೊಂಡು ಸೌದೆ ಒಡೆದ ಉದಾಹರಣೆ ಆ ಸಂಸಾರದ ಚರಿತ್ರೆಯಲ್ಲೇ ಇರಲಿಲ್ಲ. ಪ್ರತಿ ಏಟಿಗೂ ಒಂದು "ಹ್ಹಾ!", ಪ್ರತಿ ತುಂಡಿಗೂ ಒಂದು "ನೋಡ್ದೇನೇ ಗಂಗಾ, ಕಬ್ಬಿಣದ ಮೈ ಕಣೇ ಇದು, ಕಬ್ಬಿಣ!" ಅನ್ನುವುದು ಕ್ರಮ. ಕೆ. ಹೊಸಕೋಟೆಯ ಬಸ್ಸಿಗೆ ಕಾಯುವವರು ಆ ಸದ್ದು ಕೇಳಿ, ಬೋರಣ್ಣನ ಮನೆಯಲ್ಲಿ ಇವತ್ತು ನೀರು ಕಾಯಿಸುತ್ತಾರೆ ಎಂದು ತಿಳಿದುಕೊಳ್ಳುತ್ತಿದ್ದರು.

ಈ ಕಬ್ಬಿಣದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ವರ್ಷ ನಾಟಿಯ ಹೊತ್ತಿಗೆ ಹೊಸಕೋಟೆಯವರಿಗೂ ಬಾಳ್ಳುಪೇಟೆಯವರಿಗೂ ಕೆಸರುಗದ್ದೆಯಲ್ಲಿ ಹಗ್ಗ ಜಗ್ಗಾಟ ನಡೆಯುತ್ತಿತ್ತು. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಮ್ಮಡಿಯನ್ನು ಕೆಸರಿಗೆ ಊರಿ, ಮರದ ಬೊಡ್ಡೆಯ ಹಾಗೆ ನಿಲ್ಲುವವನು ಕೊನೆಯಾಳು. ಹೊಸಕೋಟೆಯ ಕೊನೆಯಾಳು ಬೋರಯ್ಯ. ಅವನಿಗೆ ಪಂಚಾಯ್ತಿ ಸೀಟು ಬೇಡ, ಸೊಸೈಟಿಯ ಡೈರೆಕ್ಟರಗಿರಿ ಬೇಡ. ಹಗ್ಗದ ಆ ತುದಿ ಒಂದಿದ್ದರೆ ಸಾಕು. ಅದರ ಮೇಲೆ ದೇವೇಂದ್ರನ ಕಣ್ಣು ಬಿದ್ದು ಎಷ್ಟೋ ವರ್ಷವಾಗಿತ್ತು. ದೇವೇಂದ್ರ ಹಗ್ಗದಲ್ಲಿ ಬೋರಯ್ಯನ ಮುಂದೆ ನಿಲ್ಲುವವನು. ಎಳೆಯುವಾಗಲೂ ಆಗಾಗ ಹಿಂದೆ ತಿರುಗಿ ಆ ಜಾಗವನ್ನು ನೋಡಿಕೊಳ್ಳುತ್ತಿದ್ದ.

ಸೌದೆ ಒಡೆದ ದಿನದ ಹಿಂದಿನ ದಿನ ಹೊಸಕೋಟೆಯ ಶಾಲೆಯಲ್ಲಿ ಯಾರೋ ಪುಣ್ಯಾತ್ಮರು ಆರೋಗ್ಯ ಶಿಬಿರ ನಡೆಸಿದರು. ಬೋರಯ್ಯನಿಗೆ ಕಾಯಿಲೆ ಏನೂ ಇರಲಿಲ್ಲ. ತನ್ನ ಮೈ ಎಂಥದ್ದು ಅಂತ ಓದಿದವರೊಬ್ಬರ ಬಾಯಲ್ಲಿ ಕೇಳುವ ಆಸೆಯಿಂದ ಹೋದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಹುಷಾರು ಡಾಕ್ಟ್ರೇ, ಸೂಜಿ ಮುರ್ದೋದಾತು" ಎಂದು ಬೋರಯ್ಯ ಬೆರಳು ಚಾಚಿದ.

ಸೂಜಿ ಮುರಿಯಲಿಲ್ಲ. ಡಾಕ್ಟರು ರಕ್ತ ನೋಡಿದರು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು.

"ಏರು ಹತ್ತಿದರೆ ಏದುಸಿರು ಬರುತ್ತಾ?"

"ಎಲ್ರಿಗೂ ಬರ್ತದಲ್ವರಾ?"

"ಕಣ್ಣು ಕತ್ತಲೆ?"

"ಕೂತು ಎದ್ರೆ ಮಾತ್ರ."

"ನಿಮಗೆ ಕಬ್ಬಿಣ ಕಡಿಮೆ ಇದೆ" ಅಂದರು ಡಾಕ್ಟರು.

ಬೋರಯ್ಯ ಸುತ್ತ ನೋಡಿದ. ಪುಣ್ಯಕ್ಕೆ ಹಿಂದೆ ನಿಂತಿದ್ದವನು ಕಿವುಡ ಭೂತಯ್ಯ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ದೇಹಕ್ಕೆ ದಿನಕ್ಕೆ ಬೇಕಾಗುವ ಕಬ್ಬಿಣ ಒಂದು ಚಿಟಿಕೆಯಷ್ಟೂ ಇಲ್ಲ. ಆದರೆ ಅಷ್ಟು ಸಿಗದಿದ್ದರೆ ರಕ್ತಕ್ಕೆ ಉಸಿರು ಹೊರುವ ತ್ರಾಣ ಇರುವುದಿಲ್ಲ. ಮೂರು ತಿಂಗಳು ಮಾತ್ರೆ ನುಂಗಬೇಕು. ಸೊಪ್ಪು, ಕಾಳು ತಿನ್ನಬೇಕು. ಊಟದ ಜೊತೆ ನಿಂಬೆಯೋ ನೆಲ್ಲಿಯೋ ಇರಬೇಕು. ಹುಳಿಯಲ್ಲಿರುವ 'ಸಿ' ಜೀವಸತ್ವ ಕಬ್ಬಿಣವನ್ನು ಒಳಗೆ ಸೇರಿಸುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ.

ಬೋರಯ್ಯನಿಗೆ ಇಷ್ಟು ಅರ್ಥವಾಯಿತು: ಕಬ್ಬಿಣ ಅನ್ನುವುದು ನಾಚಿಕೆ ಸ್ವಭಾವದ ಹೊಸ ಅಳಿಯನಂಥದ್ದು. ನಿಂಬೆಹಣ್ಣು ಅದರ ಕೈಹಿಡಿದು ಮನೆಯೊಳಗೆ ಕರೆದುಕೊಂಡು ಬರುತ್ತದೆ. ಕಾಫಿ ಬಾಗಿಲಲ್ಲೇ ನಿಂತು "ಯಾರ್ಲಾ ನೀನು?" ಅಂತ ಓಡಿಸುತ್ತದೆ. ತಾನು ಬೆಳೆದ ಕಾಫಿಯೇ ತನಗೆ ಹೀಗೆ ಮಾಡಿತೇ ಎಂದು ಅವನಿಗೆ ಬಹಳ ನೋವಾಯಿತು.

ಶಿಬಿರದಲ್ಲಿ ಮಾತ್ರೆ ಮುಗಿದಿದ್ದವು. ಹೊಸಕೋಟೆಯಲ್ಲಿದ್ದ ಒಂದೇ ಔಷಧಿ ಅಂಗಡಿ ದೇವೇಂದ್ರನ ಬಾಮೈದನದು. ಅಲ್ಲಿ ಕಬ್ಬಿಣದ ಮಾತ್ರೆ ಕೇಳುವುದೂ ಒಂದೇ, ಹಗ್ಗವನ್ನು ದೇವೇಂದ್ರನ ಸೊಂಟಕ್ಕೆ ತಾನೇ ಸುತ್ತಿ ಬರುವುದೂ ಒಂದೇ. ಆಲೂರಿಗೆ ಹೋಗೋಣವೆಂದು ಬಸ್ಸು ಹತ್ತಿದ. "ಏನ್ ಬೋರಣ್ಣ, ಆಲೂರ್ಗೆ? ಏನ್ ಸಮಾಚಾರ?" ಎಂದು ಬಸ್ಸಿಗೆ ಬಸ್ಸೇ ಕೇಳಿತು. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ವಾಪಸು ಬಂದು, ಏದುಸಿರು ಬಿಡುತ್ತಾ ಕೂತ. ಅಂಗನವಾಡಿಯಲ್ಲಿ ಇಂಥ ಮಾತ್ರೆ ಕೊಡುತ್ತಾರೆಂದು ಡಾಕ್ಟರು ಅಂದಿದ್ದು ಆಗ ನೆನಪಾಯಿತು. ಅಲ್ಲಿ ಯಾರಿಗೆ ಕೊಡುತ್ತಾರೆ ಅನ್ನುವುದನ್ನು ಅವನು ಕೇಳಿಸಿಕೊಂಡಿರಲಿಲ್ಲ.

ಅಂಗನವಾಡಿಯ ಟೀಚರು ನೇತ್ರಾವತಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು.

"ಟೀಚರೇ, ನಿಮ್ಮತ್ರ ಕಬ್ಬಿಣದ ಮಾತ್ರೆ ಐತಂತಲ್ಲ."

"ಐತೆ ಬೋರಣ್ಣ. ಯಾರಿಗೆ?"

ಬೋರಯ್ಯ ಸೂರು ನೋಡಿದ. ಗೋಡೆಯ ಮೇಲಿದ್ದ ಕ್ಯಾರೆಟ್ಟು, ಪಪ್ಪಾಯಿ, ನುಗ್ಗೆಸೊಪ್ಪಿನ ಚಿತ್ರಗಳನ್ನು ಒಂದೊಂದಾಗಿ ನೋಡಿದ. "ಮನೇಗೆ" ಅಂದ.

"ಮನೆಯೋರಿಗಾ?"

ತಾನೂ ಮನೆಯವನೇ ಅಲ್ಲವೇ? ಇದರಲ್ಲಿ ಸುಳ್ಳೇನಿದೆ? "ಹ್ಞೂಂ, ಮನೆಯೋರಿಗೇ."

ನೇತ್ರಾವತಿಯ ಸೌಟು ಉಪ್ಪಿಟ್ಟಿನಲ್ಲೇ ನಿಂತಿತು. ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಎಷ್ಟು ತಿಂಗಳು?"

"ಮೂರು. ಡಾಕ್ಟ್ರೇ ಹೇಳವ್ರೆ, ಮೂರು ತಿಂಗಳು ಅಂತ."

"ಡಾಕ್ಟ್ರು ನೋಡಿದ್ರಾ?"

"ನೋಡ್ದೆ ಹೇಳ್ತಾರಾ? ಶಿಬಿರದಲ್ಲಿ ಸರ್ಯಾಗಿ ನೋಡಿದ್ರು."

"ಈ ವಯಸ್ಸಲ್ಲಿ, ಬೋರಣ್ಣ…"

"ವಯಸ್ಸಾದ್ಮೇಲೇ ಕಣ್ ಟೀಚರೇ ಇಂಥವೆಲ್ಲ ಬರೋದು. ನಿಮ್ಗೆ ಕೈ ಮುಗೀತೀನಿ, ಊರಿಗೆ ಗೊತ್ತಾಗೋದ್ ಬ್ಯಾಡ. ನಾಚ್ಕೆಗೇಡು."

"ನಾಚ್ಕೆ ಯಾಕೆ? ಸಂತೋಷದ ವಿಷಯ ಅಲ್ವಾ?"

ಓದಿದವರ ಸಂತೋಷಗಳೇ ಬೇರೆ ಇರಬೇಕು ಎಂದುಕೊಂಡ ಬೋರಯ್ಯ. ಅವಳು ಕೆಂಪು ಮಾತ್ರೆಗಳ ಒಂದು ದೊಡ್ಡ ಪೊಟ್ಟಣ ಕೊಟ್ಟಳು. ಮೇಲೆ ಒಂದು ಚೀಲ ಪೌಷ್ಟಿಕ ಪುಡಿಯನ್ನೂ ಕೊಟ್ಟಳು. "ಇದನ್ನ ಹಾಲಲ್ಲಿ ಕಲಸಿ ಕೊಡಿ. ಇನ್ಮೇಲೆ ಇಬ್ಬರ ಊಟ ತಿನ್ಬೇಕು."

"ಅದು ಮೊದ್ಲಿಂದ್ಲೂ ನಡೀತಾ ಐತೆ" ಅಂದ ಬೋರಯ್ಯ.

ನೇತ್ರಾವತಿ ಮಾತಿಗೆ ತಪ್ಪುವವಳಲ್ಲ. ಊರಿಗೆ ಹೇಳಲಿಲ್ಲ. ಬೋರಯ್ಯನ ಪಕ್ಕದ ಮನೆಯ ಮಾದೇವಮ್ಮನಿಗೆ ಮಾತ್ರ ಹೇಳಿದಳು, ಅದೂ ಆಣೆ ಹಾಕಿಸಿಕೊಂಡು.

ಮಾದೇವಮ್ಮ ನಂಬಲಿಲ್ಲ. ಬೋರಯ್ಯನದು ಮಗಳನ್ನು ಬಾಳ್ಳುಪೇಟೆಗೆ ಕೊಟ್ಟು ಅಳಿಯ ಬಂದಿರುವ ಮನೆ. ಆದರೆ ಮಾರನೆಯ ದಿನವೇ ಬೋರಯ್ಯ ಅವಳ ಮನೆ ಮುಂದೆ ಬಂದು ನಿಂತ.

"ಅಕ್ಕಾ, ಉಪ್ಪಲ್ಲಿಟ್ಟ ನೆಲ್ಲಿಕಾಯಿ ಐತಾ? ಇಲ್ದಿದ್ರೆ ನಿಂಬೆಹಣ್ಣಾದ್ರೂ ಆಯ್ತು."

ಮಾದೇವಮ್ಮನ ಕಣ್ಣು ಅರಳಿದವು. "ಹುಳಿ ಬೇಕು ಅನ್ನಿಸ್ತಾ ಐತಾ?"

"ಬೇಕೇ ಬೇಕು ಕಣಕ್ಕ. ಹುಳಿ ಇಲ್ದಿದ್ರೆ ಒಳಗೆ ನಿಲ್ಲಾಕಿಲ್ವಂತೆ."

"ನಿಲ್ಲಲ್ಲ ಬುಡು, ನಂಗೂ ಹಂಗೇ ಆಗಿತ್ತು. ಕಾಫಿ?"

"ಬಾಗ್ಲಿಗೂ ಸೇರ್ಸಂಗಿಲ್ಲ."

"ಅಯ್ಯೋ, ವಾಸ್ನೆ ಕಂಡ್ರೇ ಆಗಲ್ಲ!" ಎಂದು ಮಾದೇವಮ್ಮ ಭರಣಿಗೆ ಭರಣಿಯನ್ನೇ ಎತ್ತಿ ಕೊಟ್ಟಳು. ಅವಳ ಮನೆಗೆ ಆಗಷ್ಟೇ ಫೋನು ಬಂದಿತ್ತು. ಹಾಕಿಸಿದ್ದಕ್ಕೆ ಸಾರ್ಥಕವಾಯಿತು.

ಅದಾದ ಮೇಲೆ ಬೋರಯ್ಯನ ಸುತ್ತ ಜಗತ್ತು ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಎದುರು ಬಂದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ದಾರಿಬಿಟ್ಟರು. ಗಂಡಸರು ಮೇಲಿಂದ ಕೆಳಗೆ ನೋಡಿ ತಲೆದೂಗಿದರು. ಹೊಸಕೋಟೆಯಲ್ಲಿ ಶಾಂತಮಲ್ಲಪ್ಪನವರ ಹೋಟೆಲಿಗೆ ಹೋಗಿ, "ನಂಗೆ ಕಾಫಿ ಬ್ಯಾಡ, ನಿಂಬೆ ಪಾನಕ ಕೊಡಿ" ಅಂದಾಗ ಇಡೀ ಹೋಟೆಲು ಲೋಟ ಕೆಳಗಿಟ್ಟಿತು.

ದೇವೇಂದ್ರ ಎದ್ದು ಬಂದ. ಬಂದವನೇ ತಬ್ಬಿಕೊಂಡ.

"ಬೋರಣ್ಣ, ನಾನು ಇಷ್ಟು ದಿನ ಸುಮ್ನೆ ಕೊಚ್ಕೋತಿದ್ದೀಯ ಅನ್ಕಂಡಿದ್ದೆ. ತಪ್ಪಾಯ್ತು ಮಾರಾಯ. ನಿಂದು ನಿಜವಾಗ್ಲೂ ಕಬ್ಬಿಣದ ಮೈಯೇ!"

ಕಬ್ಬಿಣ ಅಂದ ಕೂಡಲೇ ಬೋರಯ್ಯ ಅವನ ತೋಳಿನಿಂದ ಬಿಡಿಸಿಕೊಂಡ. "ಯಾ… ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಊರೇ ಹೇಳ್ತಾ ಐತೆ. ನಂಗೆ ಮೂವತ್ತೆಂಟು ಕಣಣ್ಣ, ಬೆಳಗ್ಗೆ ಏಳಕ್ಕೇ ಆಗಲ್ಲ. ನೀನು ನೋಡಿದ್ರೆ!"

"ಹಗ್ಗದ ಕೊನೆಗೆ ಈ ಸಲ ಬೇರೆ ಮಾತೇ ಇಲ್ಲ" ಅಂದರು ಶಾಂತಮಲ್ಲಪ್ಪ, ಗಲ್ಲಾದಿಂದಲೇ. "ಇಂಥ ಗಂಡಸಿರೋವಾಗ ಬೇರೆಯೋರ ಹೆಸರು ಎತ್ತಬಾರ್ದು ಕಣ್ರಪ್ಪ. ಇವ್ರ ಪಾನಕಕ್ಕೆ ಲೆಕ್ಕ ಬರೀಬ್ಯಾಡಿ."

ಬೋರಯ್ಯ ಎದೆ ಉಬ್ಬಿಸಿಕೊಂಡು ಮನೆಗೆ ಬಂದ. ಮಾತ್ರೆ ತಿನ್ನತೊಡಗಿ ಇನ್ನೂ ವಾರ ತುಂಬಿಲ್ಲ. ಆಗಲೇ ಹೊರಗಿನವರಿಗೆ ಕಾಣುವ ಹಾಗೆ ಕೆಲಸ ಮಾಡಿದೆ! ಸರ್ಕಾರದ ಮಾತ್ರೆಯೆಂದರೆ ಜನ ಸುಮ್ಮನೆ ಮೂಗು ಮುರಿಯುತ್ತಾರೆ.

ಪೂರ್ತಿ ನಿಜ ಅವನಿಗೆ ತಿಳಿದದ್ದು ನರ್ಸಮ್ಮ ಮನೆಗೆ ಬಂದ ದಿನ. ನೀಲಿ ಪೆಟ್ಟಿಗೆ ಹಿಡಿದುಕೊಂಡು ನೇತ್ರಾವತಿಯ ಜೊತೆ ಬಂದ ನರ್ಸಮ್ಮ ಜಗಲಿಯ ಮೇಲೆ ಕೂತು ಸೂಜಿಗೆ ಔಷಧಿ ಎಳೆದುಕೊಂಡರು.

"ಬಾಮ್ಮ ಗಂಗಾಮಣಿ, ತೋಳು ಕೊಡು."

"ಯಾಕ್ರಮ್ಮ?" ಅಂದಳು ಗಂಗಾಮಣಿ, ಕೈಯಲ್ಲಿ ಕಲಗಚ್ಚಿನ ಬಕೆಟ್ಟು ಹಿಡಿದುಕೊಂಡೇ.

"ಬಸುರೀರಿಗೆಲ್ಲ ಹಾಕ್ತೀವಿ. ಧನುರ್ವಾಯು ಬರ್ದೇ ಇರ್ಲಿ ಅಂತ. ಅಯ್ಯೋ, ಭಾರ ಯಾಕೆ ಎತ್ತಿದ್ದೀಯ, ಕೆಳಗಿಡು!"

ಗಂಗಾಮಣಿ ಬಕೆಟ್ಟು ಕೆಳಗಿಟ್ಟಳು. ನರ್ಸಮ್ಮನನ್ನು ನೋಡಿದಳು. ನೇತ್ರಾವತಿಯನ್ನು ನೋಡಿದಳು. ಆಮೇಲೆ ಬಹಳ ನಿಧಾನವಾಗಿ, ಅಟ್ಟದ ಏಣಿಯ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲಿಟ್ಟುಕೊಂಡು ನಿಂತಿದ್ದ ಗಂಡನನ್ನು ನೋಡಿದಳು.

ಬೋರಯ್ಯನ ತಲೆಯೊಳಗೆ ಎಲ್ಲ ಒಟ್ಟಿಗೆ ಬೆಳಗಿತು. ಮನೆಯೋರಿಗಾ? ಎಷ್ಟು ತಿಂಗಳು? ಸಂತೋಷದ ವಿಷಯ. ಇಬ್ಬರ ಊಟ.

"ಅವ್ಳಿಗೆ ಬ್ಯಾಡ ಸಿಸ್ಟರ್, ಅವ್ಳಿಗೆ ಸೂಜಿ ಅಂದ್ರೆ ಭಯ. ನಂಗೆ ಹಾಕ್ಬುಡಿ!"

"ನಿಮಗೆ ಹಾಕಿ ನಾನೇನ್ ಮಾಡ್ಲಿ ಬೋರಯ್ಯ?"

"ಕೊಡ್ಲಿ ತಾಗೈತೆ. ಇಲ್ಲಿ. ಅಲ್ಲ, ಇಲ್ಲಿ." ಅವನು ಮೈಮೇಲೆ ಗಾಯ ಹುಡುಕಿದ. ಕೊನೆಗೆ ಹೆಬ್ಬೆರಳ ಪಕ್ಕ ಕಾಫಿ ಗಿಡ ತರಚಿದ ಹಳೆಯ ಗೀರೊಂದು ಸಿಕ್ಕಿತು. ಅದಕ್ಕೆ ಎಷ್ಟು ನರಳಿದನೆಂದರೆ, ನರ್ಸಮ್ಮ ತಡೆಯಲಾರದೆ ಅವನಿಗೇ ಚುಚ್ಚಿಬಿಟ್ಟರು.

"ನಂಗೆ ಇವತ್ತು ಬ್ಯಾಡ, ಇನ್ನೊಂದಿನ ನೋಡಣ" ಅಂದಳು ಗಂಗಾಮಣಿ. ಅಷ್ಟೇ ಅಂದಳು. ಅಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ.

ಅವರಿಬ್ಬರೂ ತೋಟದ ಕಡೆ ಇಳಿದುಹೋದ ಮೇಲೆ ಬೋರಯ್ಯ ಮಾತ್ರೆಯ ಪೊಟ್ಟಣ ತಂದು ಹೆಂಡತಿಯ ಮುಂದಿಟ್ಟ. ಡಾಕ್ಟರು ಹೇಳಿದ್ದು, ಟೀಚರು ಕೇಳಿದ್ದು, ತಾನು ಒದರಿದ್ದು ಎಲ್ಲ ಒಪ್ಪಿಸಿದ. ಗಂಗಾಮಣಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು.

"ಈ ವಯಸ್ಸಲ್ಲಿ ನನ್ನ ಮಾನ ಕಳುದ್ಬುಟ್ರಲ್ಲ! ಈಗ್ಲೇ ಹೋಗಿ ಊರಿಗೆಲ್ಲ ನಿಜ ಹೇಳಿ ಬನ್ನಿ."

"ಹಗ್ಗ, ಗಂಗಾ…"

"ಏನು ಹಗ್ಗ?"

"ಕಬ್ಬಿಣ ಕಮ್ಮಿ ಅಂತ ಗೊತ್ತಾದ್ರೆ ಹಗ್ಗದ ಕೊನೆ ಕೊಡ್ತಾರೇನೇ? ದೇವೇಂದ್ರ ಕಾಯ್ತಾವ್ನೆ. ನಾಟಿ ಮುಗಿಯೋವರ್ಗೂ ಸುಮ್ನಿರು. ಆಮೇಲೆ ನಾನೇ ತಮಟೆ ಹೊಡ್ಸಿ ಹೇಳ್ತೀನಿ."

ಆಗ ಮಾದೇವಮ್ಮ ಹಿತ್ತಿಲ ಬಾಗಿಲಿಂದ ಒಳಗೆ ಬಂದಳು. ಎರಡು ಕೊಡ ನೀರು ತಂದು ಹಂಡೆಗೆ ಸುರಿದಳು. ಕಲಗಚ್ಚಿನ ಬಕೆಟ್ಟು ಎತ್ತಿಕೊಂಡು ಹೋಗಿ ಹಸುವಿಗೆ ಇಟ್ಟಳು. "ಗಂಗಾ, ನೀನು ಕದಲ್ಬ್ಯಾಡ ಕಣೆ" ಅಂದು ಬಿಸಿ ಕಡುಬಿನ ತಟ್ಟೆಯೊಂದನ್ನು ಒಲೆಯ ಪಕ್ಕ ಇಟ್ಟು ಹೋದಳು.

ಗಂಗಾಮಣಿ ತುಂಬಿದ ಹಂಡೆಯನ್ನು ನೋಡಿದಳು. ಕಡುಬು ನೋಡಿದಳು. ಮದುವೆಯಾದಾಗಿನಿಂದ ಆ ಹಂಡೆಗೆ ಬೇರೆ ಯಾರೂ ನೀರು ತುಂಬಿದ್ದನ್ನು ಅವಳು ಕಂಡಿರಲಿಲ್ಲ. ಒಂದು ಕಡುಬು ತಿಂದಳು. ಇನ್ನೊಂದು ತಿಂದಳು. ಆಮೇಲೆ ಎದ್ದು ಹೋಗಿ ಚಾಪೆ ಹಾಸಿಕೊಂಡು ಮಲಗಿದಳು.

"ನಾನೇನೂ ಸುಳ್ಳು ಹೇಳಕ್ಕಿಲ್ಲ" ಅಂದಳು ಗೋಡೆಯ ಕಡೆ ತಿರುಗಿ. "ಕೇಳಿದೋರಿಗೆ ನೀವೇ ಹೇಳ್ಕಳಿ. ಅಲ್ಲೀವರ್ಗೂ ನಂಗೆ ಸುಸ್ತು. ರೊಟ್ಟಿ ನೀವೇ ತಟ್ಟಿ."

ಹೀಗೆ ಹೊಸಕೋಟೆಯ ಕೊನೆಯಾಳು ರೊಟ್ಟಿ ತಟ್ಟತೊಡಗಿದ. ಮೊದಮೊದಲು ಆ ರೊಟ್ಟಿಗಳು ಆಲೂರು ತಾಲ್ಲೂಕಿನ ನಕ್ಷೆಯ ಹಾಗಿದ್ದವು. ಗಂಗಾಮಣಿ ಒಂದು ಮಾತೂ ಆಡದೆ ತಿನ್ನುತ್ತಿದ್ದಳು. ಕೊಟ್ಟಿಗೆ ಅವನದು, ಪಾತ್ರೆ ಅವನದು, ನಾಟಿ ಆಳುಗಳಿಗೆ ಅಂಬಲಿ ಹೊರುವುದೂ ಅವನದು. ಊರಿನವರು ಇದನ್ನು ನೋಡಿ ಇನ್ನಷ್ಟು ಹೊಗಳಿದರು. "ನೋಡಿ ಕಲೀರಿ" ಎಂದು ಹೆಂಗಸರು ತಂತಮ್ಮ ಗಂಡಂದಿರಿಗೆ ಅವನನ್ನು ತೋರಿಸಿದರು. ಗಂಡಂದಿರಿಗೆ ಅವನ ಮೇಲಿದ್ದ ಗೌರವ ಅಲ್ಲಿಂದಾಚೆ ಸ್ವಲ್ಪ ಕಡಿಮೆಯಾಯಿತು.

ಇತ್ತ ಮಾತ್ರೆಗಳು ಸದ್ದಿಲ್ಲದೆ ತಮ್ಮ ಕೆಲಸ ಮಾಡುತ್ತಿದ್ದವು. ದಿನಾ ಸೊಪ್ಪು, ಹುರುಳಿಕಾಳು, ಅದರ ಮೇಲೆ ನಿಂಬೆ. ಕಾಫಿ ಮಾತ್ರ ಬಹಳ ಹೊತ್ತು ಕಳೆದ ಮೇಲೆ, ಕದ್ದು. ಅವನಿಗೆ ಕೂತು ಎದ್ದರೆ ಈಗ ಕಣ್ಣು ಕತ್ತಲೆ ಬರುತ್ತಿರಲಿಲ್ಲ. ತೋಟದ ಏರು ಹತ್ತಿದರೂ ಉಸಿರು ಜಾಗದಲ್ಲೇ ಇರುತ್ತಿತ್ತು. ಇಷ್ಟು ವರ್ಷ ಬರೀ ಬಾಯಲ್ಲಿದ್ದ ಕಬ್ಬಿಣ ಕೊನೆಗೂ ಮೈಗೆ ಇಳಿಯುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ನಾಟಿ ಮುಗಿಯಿತು. ಹಗ್ಗ ಜಗ್ಗಾಟದ ದಿನ ಬೆಳಗ್ಗೆ ಹೊಸಕೋಟೆಯ ತಂಡವನ್ನು ತುಂಬಿಕೊಂಡ ಜೀಪು ಬೋರಯ್ಯನ ಅಂಗಳಕ್ಕೆ ಬಂದಿತು. ಕೊನೆಯಾಳನ್ನು ಮನೆಗೇ ಬಂದು ಕರೆದೊಯ್ಯುವುದು ಮರ್ಯಾದೆ. ಜೀಪಿನ ಹಿಂದೆಯೇ ಒಂದು ಆಟೋ ಬಂದಿತು. ಅದರಿಂದ ಒಂದರ ಮೇಲೊಂದು ಬುತ್ತಿಯ ಡಬ್ಬಿಗಳು ಇಳಿದವು, ಆಮೇಲೆ ಮಗಳು ಬಿಂದುಶ್ರೀ ಇಳಿದಳು. ಕೊನೆಯಲ್ಲಿ ಬಾಳ್ಳುಪೇಟೆಯ ಬೀಗಿತ್ತಿ ಬಸಮ್ಮ, ಬಹಳ ಹೊತ್ತು ತೆಗೆದುಕೊಂಡು ಇಳಿದರು.

"ಐದನೇ ತಿಂಗಳು ಬಿತ್ತಲ್ಲ, ಬಯಕೆ ಊಟ ತಂದಿದ್ದೀನಿ" ಅಂದರು ಬಸಮ್ಮ. "ನಮ್ಮ ಸೊಸೆಗೆ ತರಬೇಕಾಗಿತ್ತು. ಬೀಗಿತ್ತಿಗೆ ತರೋ ಹಂಗಾಯ್ತು. ಇರ್ಲಿ, ದೇವರು ಕೊಡೋವಾಗ ವಯಸ್ಸು ಕೇಳ್ತಾನಾ?"

ಬಿಂದುಶ್ರೀ ಅಪ್ಪನ ಮುಖ ನೋಡದೆ ಒಳಗೆ ಹೋದಳು. ಮಾದೇವಮ್ಮ, ನೇತ್ರಾವತಿ, ಕೇರಿಯ ಹೆಂಗಸರೆಲ್ಲ ಬಂದು ನೆರೆದರು. ನಡುಮನೆಯಲ್ಲಿ ಮಣೆ ಹಾಕಿ ಗಂಗಾಮಣಿಯನ್ನು ಕೂರಿಸಿದರು. ಚಿತ್ರಾನ್ನ, ಹುಳಿಯನ್ನ, ಕಜ್ಜಾಯ, ಒಬ್ಬಟ್ಟು, ನುಗ್ಗೆಸೊಪ್ಪಿನ ಪಲ್ಯ ಎಲೆ ತುಂಬಿದವು. ಗಂಗಾಮಣಿ ತಲೆಯೆತ್ತದೆ ಒಂದೊಂದನ್ನೇ ವಿಚಾರಿಸಿಕೊಳ್ಳತೊಡಗಿದಳು.

ಅಂಗಳದಲ್ಲಿ ಬೋರಯ್ಯ 'ಕೊನೆ ಹೊತ್ತಿನ ಕಾರ್ಯಕ್ರಮ' ಮಾಡುತ್ತಿದ್ದ. ಅಂದರೆ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಉದ್ದ ಸರಿಯಿದೆಯೇ ನೋಡುತ್ತಿದ್ದ. ಬಸಮ್ಮ ಬಾಗಿಲಿಗೆ ಬಂದವರು ಕಿರುಚಿಕೊಂಡರು.

"ಅಯ್ಯಯ್ಯೋ ಬೀಗ್ರೇ! ಬಿಚ್ಚಿ ಅದನ್ನ! ಹೆಂಡ್ತಿ ಬಸುರಿ, ಸೊಂಟಕ್ಕೆ ಹಗ್ಗ ಸುತ್ಕೋತಾರಾ? ನೀವು ಇಲ್ಲಿ ಸುತ್ಕಂಡ್ರೆ ಅಲ್ಲಿ ಕೂಸಿನ ಕತ್ತಿಗೆ ಕರುಳಬಳ್ಳಿ ಸುತ್ಕೊಳ್ತದೆ!"

ದೇವೇಂದ್ರ ಜೀಪಿನಿಂದ ಇಳಿದ.

"ಹೌದಲ್ಲಣ್ಣ! ನಮ್ಮಜ್ಜೀನೂ ಹೇಳೋಳು."

"ನಿಮ್ಮಜ್ಜಿ ಯಾವತ್ಲಾ ಹೇಳಿದ್ದು?"

"ಹೇಳ್ತಿದ್ಲು ಕಣಣ್ಣ. ಕೊಡು ಇಲ್ಲಿ, ನಾನು ಸುತ್ಕೋತೀನಿ. ಕೂಸಿಗಿಂತ ಹಗ್ಗ ಹೆಚ್ಚಾ?" ದೇವೇಂದ್ರನ ದನಿಯಲ್ಲಿ ಹುಟ್ಟಲಿರುವ ಕೂಸಿನ ಮೇಲಿನ ಮಮತೆ ತುಂಬಿ ತುಳುಕುತ್ತಿತ್ತು.

"ಬಸಮ್ನೋರೇ, ನಿಮ್ಮ ಮಗ ವಸಂತ ಬಾಳ್ಳುಪೇಟೆ ಕಡೆ ಎಳೀತಾನೆ, ಅದಕ್ಕೇ ತಾನೇ ನೀವು ಹಿಂಗೆ ಹೇಳೋದು?" ಅಂದ ಬೋರಯ್ಯ.

"ನನ್ನ ಮಗ ಎಳೀತಾನೆ, ಯಾಕಂದ್ರೆ ಅವನ ಹೆಂಡ್ತಿ ಬಸುರಿ ಅಲ್ಲ!"

ತಂಡದವರೆಲ್ಲ ತಲೆದೂಗಿದರು. ಇಂಥ ವಿಷಯದಲ್ಲಿ ಹೆಂಗಸರ ಮಾತು ಮೀರಬಾರದು ಅಂದರು. ದೇವೇಂದ್ರನ ಕೈ ಆಗಲೇ ಗಂಟಿನ ಮೇಲಿತ್ತು. ಬೋರಯ್ಯ ಹಗ್ಗವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದ. ಜಗಲಿ ತಾಗಿತು. ಅಲ್ಲಿಂದಾಚೆ ಸರಿಯಲು ಜಾಗವಿರಲಿಲ್ಲ.

"ಅವಳು ಬಸುರಿ ಅಲ್ಲ!" ಎಂದು ಕೂಗಿದ.

ಒಳಗೆ ಬಡಿಸುವ ಸೌಟುಗಳು ನಿಂತವು. ಗಂಗಾಮಣಿಯೊಬ್ಬಳೇ ಕಜ್ಜಾಯ ಮುರಿದುಕೊಂಡಳು.

"ನಾಚ್ಕೋಬ್ಯಾಡಿ ಬೀಗ್ರೇ" ಅಂದರು ಬಸಮ್ಮ.

"ನಾಚ್ಕೆ ಅಲ್ಲ ಕಣ್ರವ್ವ, ನಿಜ! ಮಾತ್ರೆ ತಿಂದಿದ್ದು ನಾನು! ಹುಳಿ ತಿಂದಿದ್ದು ನಾನು! ಕಾಫಿ ಬಿಟ್ಟಿದ್ದು ನಾನು!"

"ಒಬ್ಬೊಬ್ಬ ಗಂಡಸ್ರಿಗೆ ಹೆಂಡ್ತಿ ಬದ್ಲು ತಾವೇ ಬಯಕೆ ಬರ್ತದಂತೆ ಕಣಕ್ಕ" ಎಂದು ಮಾದೇವಮ್ಮ ಬಸಮ್ಮನಿಗೆ ವಿವರಿಸಿದಳು. "ಪ್ರೀತಿ ಜಾಸ್ತಿ ಇದ್ರೆ."

"ಪ್ರೀತಿ ಅಲ್ಲ! ಕಬ್ಬಿಣ! ನಂಗೆ ಕಬ್ಬಿಣ ಕಮ್ಮಿ! ನಂಬಲ್ವಾ? ಆ ಮಾತ್ರೆ ತಿಂದ್ರೆ ಬೆಳಗ್ಗೆ ಎಲ್ಲ ಕರ್ರಗೆ ಹೋಯ್ತದೆ. ಯಾರಿಗೆ ಸಾಕ್ಷಿ ಬೇಕು? ನಾಳೆ ಬೆಳಗ್ಗೆ ನನ್ನ ಜೊತೆ ಗುಡ್ಡದ ಕಡೆ ಬನ್ನಿ, ತೋರುಸ್ತೀನಿ!"

ಯಾರಿಗೂ ಆ ಸಾಕ್ಷಿ ಬೇಕಾಗಿರಲಿಲ್ಲ. ಹೆಂಗಸರು ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿದರು. ನೇತ್ರಾವತಿ ಮಾತ್ರ ಮೆಲ್ಲಗೆ, "ಅದು ಸರಿ, ಕಪ್ಪಗೇ ಹೋಗೋದು" ಅಂದಳು.

ಬಸಮ್ಮ ಗಂಗಾಮಣಿಯ ಕಡೆ ತಿರುಗಿದರು. "ಏನಮ್ಮ ಇದು?"

ಗಂಗಾಮಣಿ ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದು, ಕೈ ತೊಳೆದುಕೊಂಡಳು. "ನನ್ನ ಯಾರೂ ಕೇಳ್ಲಿಲ್ಲ ಕಣ್ರವ್ವ" ಅಂದಳು. "ಬೆರಳು ಚುಚ್ಚಿಸ್ಕಂಡಿದ್ದು ಅವರು. ತಿಂಗಳು ಹೇಳಿದ್ದೂ ಅವರು. ಪಲ್ಯ ಚೆನ್ನಾಗಿತ್ತು."

ಮೊದಲು ನಕ್ಕವಳು ಬಿಂದುಶ್ರೀ. ಬಂದಾಗಿನಿಂದ ಬಿಗಿದುಕೊಂಡಿದ್ದ ಮುಖ ಒಡೆದು, ಕಂಬ ಹಿಡಿದುಕೊಂಡು ಕೂತುಬಿಟ್ಟಳು. ಆಮೇಲೆ ಜೀಪು ನಕ್ಕಿತು, ಆಟೋ ನಕ್ಕಿತು, ಕೇರಿ ನಕ್ಕಿತು. ಕಿವುಡ ಭೂತಯ್ಯನಿಗೆ ಯಾರೋ ಕಿವಿಯಲ್ಲಿ ಕೂಗಿ ಹೇಳಿದರು. "ಅದು ನಂಗೆ ಅವತ್ತೇ ಗೊತ್ತಿತ್ತು" ಅಂದ ಅವನು. ಡಾಕ್ಟರ ಬಾಯಿ ನೋಡಿ ತಿಳಿದುಕೊಂಡಿದ್ದನಂತೆ.

"ಹಂಗಾದ್ರೆ ಬೋರಣ್ಣ" ಅಂದ ದೇವೇಂದ್ರ, ಕಣ್ಣೊರೆಸಿಕೊಂಡು, "ನಿಂಗೆ ರಕ್ತಾನೇ ಇಲ್ಲ."

"ಇರ್ಲಿಲ್ಲ. ಈಗ ಐತೆ ಕಣೋ! ಎರಡು ತಿಂಗಳಾಯ್ತು ನುಂಗಕ್ಕೆ ಶುರು ಮಾಡಿ. ಬೇಕಾದ್ರೆ ಎಳ್ದು ನೋಡು!"

"ಮೂರು ತಿಂಗಳು ಅಂದಿದ್ರಲ್ಲ ಡಾಕ್ಟ್ರು? ಇನ್ನೂ ಒಂದು ತಿಂಗಳು ಬಾಕಿ ಐತೆ. ಹುಷಾರಾಗಿ ಇರ್ಬೇಕಣ್ಣ ಈ ಟೈಮಲ್ಲಿ."

ತಂಡ ಇನ್ನೊಮ್ಮೆ ನಕ್ಕಿತು. ಆ ನಗುವಿನ ನಡುವೆ ಹಗ್ಗದ ತುದಿ ಬೋರಯ್ಯನ ಸೊಂಟದಿಂದ ಬಿಚ್ಚಿ ದೇವೇಂದ್ರನ ಸೊಂಟಕ್ಕೆ ಹೋಯಿತು. ಹೇಗೆ ಹೋಯಿತೆಂದು ಬೋರಯ್ಯನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬಸಮ್ಮ ಅವನ ತೋಳು ಹಿಡಿದಿದ್ದರು.

"ಬೆಳಗಿನ ಜಾವ ಎದ್ದು ಮಾಡಿದ ಅಡುಗೆ. ಮಾತ್ರೆ ಯಾರು ತಿಂದ್ರೋ ಊಟಾನೂ ಅವರೇ ಉಣ್ಲಿ. ಬಾರೇ ಮಾದೇವಮ್ಮ, ಕೂರ್ಸು ಮಣೆ ಮೇಲೆ!"

ಹೆಂಗಸರು ಬೋರಯ್ಯನನ್ನು ಎಳೆದುಕೊಂಡು ಹೋಗಿ ಕೂರಿಸಿದರು. ಹಣೆಗೆ ಕುಂಕುಮ ಬಂತು. ಕಿವಿಯ ಮೇಲೆ ಸೇವಂತಿಗೆ ಬಂತು. ಯಾರೋ ಹಸಿರು ಬಳೆ ತೊಡಿಸಲು ಹೋದರು. ಅದು ಅವನ ಗಿಣ್ಣಿನ ಹತ್ತಿರ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತಿತು. ನೇತ್ರಾವತಿ ಪಲ್ಯದ ಮೇಲೆ ತಾನೇ ನಿಂಬೆಹಣ್ಣು ಹಿಂಡಿದಳು.

ಹೊರಗೆ ಜೀಪಿನ ಹಾರನ್ನು ಕೇಳಿಸಿತು. ಬೋರಯ್ಯ ಎಲೆ ಬಿಟ್ಟು ಎದ್ದು ಓಡಿದ. ಡ್ರೈವರಿನ ಪಕ್ಕದ ಸೀಟಿನಲ್ಲಿ ಗಂಗಾಮಣಿ ಹೊಸ ಸೀರೆಯುಟ್ಟು ಕೂತಿದ್ದಳು. ಹಗ್ಗ ಜಗ್ಗಾಟವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಆ ದಿನಗಳಲ್ಲೆಲ್ಲ ಗೆದ್ದು ಬರುವವರಿಗೆ ಬಿಸಿನೀರು ಕಾಯಿಸುತ್ತಾ ಮನೆಯಲ್ಲೇ ಇರುತ್ತಿದ್ದಳು. ಹಿಂದೆ ತಂಡವೆಲ್ಲ ಒತ್ತಿಕೊಂಡು ತುಂಬಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಒಬ್ಬಟ್ಟು, ಬಾಯಲ್ಲಿ ಅರ್ಧ. ದೇವೇಂದ್ರ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯಲ್ಲಿ ಕೂತಿದ್ದ.

ಬೋರಯ್ಯ ಜೀಪಿನ ಹಿಂಬದಿಯ ಕಂಬಿ ಹಿಡಿದುಕೊಂಡ. ಒಂದಿಷ್ಟೂ ಏದುಸಿರು ಬರಲಿಲ್ಲ. ಅದನ್ನು ಗಮನಿಸುವವರು ಯಾರೂ ಅಲ್ಲಿರಲಿಲ್ಲ.

"ಹಗ್ಗ ಹಿಡಿಯಕ್ಕಲ್ಲ ಕಣ್ರೋ, ನೋಡಕ್ಕೆ ಅಷ್ಟೇ" ಅಂದ. "ಒಂಚೂರು ಸರ್ಕೊಳ್ರಪ್ಪಾ."